ಸೋತ ಶತ್ರು ಮಂಡಿಯೂರಿದಾಗ: ಕೊಲ್ಲಬೇಕಾ, ಬಿಡಬೇಕಾ?

ಪ್ರಶ್ನೆ: ನಾನು ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ಹಳೆಯ ಕಾಲದ, ಕಲ್ಪನೆಯ ರಾಜ್ಯದ ಕಥೆ. ಶತ್ರು ದಂಡನಾಯಕ ಮೂರು ಊರು ಸುಟ್ಟಿದ್ದಾನೆ, ನಾಯಕನ ತಮ್ಮನನ್ನೂ ಕೊಂದಿದ್ದಾನೆ. ಕೊನೆಯ ಕಾಳಗದಲ್ಲಿ ಅವನ ಕತ್ತಿ ಕೆಳಗೆ ಬಿದ್ದು, ನಾಯಕನ ಮುಂದೆ ಮಂಡಿಯೂರಿದ್ದಾನೆ. ಅಲ್ಲಿಂದ ಮುಂದಕ್ಕೆ ಬರೆಯಲು ಆಗುತ್ತಿಲ್ಲ. ಕೊಂದರೆ ಇಬ್ಬರಿಗೂ ವ್ಯತ್ಯಾಸವೇ ಇರುವುದಿಲ್ಲ ಅನ್ನುತ್ತಾಳೆ ಗೆಳತಿ. ಬಿಟ್ಟರೆ ಇಷ್ಟು ದೂರ ಓದಿಕೊಂಡು ಬಂದವರಿಗೆ ಮೋಸ ಅನ್ನುತ್ತಾನೆ ಇನ್ನೊಬ್ಬ ಗೆಳೆಯ. ಯಾರ ಮಾತು ಕೇಳಲಿ? ಇನ್ನೊಂದು ಸಣ್ಣ ಪ್ರಶ್ನೆ: ಬಿಡುವುದಾದರೆ ಅವನ ಬಾಯಲ್ಲಿ ಒಂದು ಕೃತಜ್ಞತೆಯ ಮಾತು ಬೇಕಾ?

ಉತ್ತರ: ಇಬ್ಬರ ಮಾತನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಬ್ಬರೂ ಒಳ್ಳೆಯ ಓದುಗರೇ ಇರಬಹುದು. ಆದರೆ ಇಬ್ಬರ ಕಣ್ಣೂ ನಾಯಕನ ಮೇಲೇ ಇದೆ. ಅವನ ಹೆಸರು ಕೆಡುತ್ತದಾ ಅಂತ ಒಬ್ಬರಿಗೆ ಚಿಂತೆ, ಅವನ ಸೇಡು ತೀರುತ್ತದಾ ಅಂತ ಇನ್ನೊಬ್ಬರಿಗೆ. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದಲು ಬಂದ ಯೋಚನೆ ಬೇರೆ. ಆ ಮೂರು ಊರಿನ ಜನ ಎಲ್ಲಿ? ಬದುಕಿ ಉಳಿದವರು ಯಾರಾದರೂ ಆ ಜಾಗದಲ್ಲಿ ನಿಂತಿದ್ದಾರಾ? ನಿಮ್ಮ ನಾಯಕ ತಮ್ಮನನ್ನು ಕಳೆದುಕೊಂಡಿದ್ದಾನೆ, ಸರಿ. ಆ ನೋವನ್ನು ಕ್ಷಮಿಸುವ ಹಕ್ಕು ಅವನಿಗಿದೆ. ಊರು ಸುಟ್ಟದ್ದನ್ನು ಕ್ಷಮಿಸಲು ಅವನು ಯಾರು?

ಹಳೆಯ ಯುದ್ಧಕಥೆಗಳನ್ನು ಪಾಠ ಮಾಡುತ್ತಾ, ಹೊಸಬರ ಹಸ್ತಪ್ರತಿಗಳನ್ನು ಓದುತ್ತಾ ಬಂದವನು ನಾನು. ಈ ದೃಶ್ಯ ಕೆಡುವುದು ಬಹುಪಾಲು ಇಲ್ಲೇ. ಬರೆಯುವವರು ಇದನ್ನು ಇಬ್ಬರ ನಡುವಿನ ವ್ಯವಹಾರ ಮಾಡಿಬಿಡುತ್ತಾರೆ. ಕತ್ತಿ ಹಿಡಿದವನು, ಕತ್ತಿ ಕಳೆದುಕೊಂಡವನು, ಅಷ್ಟೇ. ಸುತ್ತ ಇರುವ ಸಾವಿರಾರು ಜನ ಇದ್ದಕ್ಕಿದ್ದಂತೆ ಮಾಯವಾಗುತ್ತಾರೆ. ಆದರೆ ಬಿಟ್ಟರೂ ಕೊಂದರೂ ಅದರ ಬೆಲೆ ಕಟ್ಟುವವರು ಹೆಚ್ಚಾಗಿ ಆ ಮೂರನೆಯವರೇ. ಅವರನ್ನು ದೃಶ್ಯದೊಳಗೆ ಕರೆದುಕೊಂಡು ಬನ್ನಿ. ನಿಮ್ಮ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ನಿಮ್ಮ ಗೆಳತಿಯ ಮಾತನ್ನು ಮೊದಲು ನೋಡೋಣ. "ಕೊಂದರೆ ಇಬ್ಬರೂ ಒಂದೇ" ಅನ್ನುವುದು ಕೇಳಲು ಚೆನ್ನಾಗಿದೆ. ಆದರೆ ಹಿಂದಿನ ಅಧ್ಯಾಯ ತಿರುವಿ ನೋಡಿ. ಅದೇ ಕಾಳಗದಲ್ಲಿ ನಿಮ್ಮ ನಾಯಕ ಎಷ್ಟು ಕಾಲಾಳುಗಳನ್ನು ಕಡಿದಿದ್ದಾನೆ? ಅವರಿಗೆ ಹೆಸರೇ ಇಲ್ಲ. ಅವರನ್ನು ಕೊಲ್ಲುವಾಗ ಅವನ ಕೈ ತಡೆಯಲಿಲ್ಲ. ಹೊಟ್ಟೆಪಾಡಿಗೆ ಸೈನ್ಯ ಸೇರಿದವರು ಸತ್ತು, ಬೆಂಕಿ ಹಚ್ಚಿ ಅಂತ ಆಜ್ಞೆ ಕೊಟ್ಟವನು ಬದುಕಿ, ಅದಕ್ಕೆ ನೀವು ಕರುಣೆ ಅಂತ ಹೆಸರಿಟ್ಟರೆ ಓದುಗರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಬಾಯಿಬಿಟ್ಟು ಹೇಳಲು ಗೊತ್ತಾಗದಿದ್ದರೂ ಅನ್ನಿಸುವುದಂತೂ ನಿಜ.

ಹಾಗಂತ ಅವಳ ಮಾತಿನಲ್ಲಿ ಹುರುಳಿಲ್ಲ ಅಂತ ಹೇಳಲಾರೆ. ಆಯುಧ ಹಿಡಿದು ಎದುರು ನಿಂತವನು ಬೇರೆ, ಶರಣು ಬಂದವನು ಬೇರೆ. ಈ ಗೆರೆ ಬಹಳ ಹಳೆಯದು. ಮನುಸ್ಮೃತಿಯ 7ನೆಯ ಅಧ್ಯಾಯದಲ್ಲಿ ಯುದ್ಧದಲ್ಲಿ ಯಾರನ್ನು ಕೊಲ್ಲಬಾರದು ಅಂತ ಹೇಳಿದೆ: ಕೈಮುಗಿದವನನ್ನು, ಕೂದಲು ಬಿಚ್ಚಿಹೋದವನನ್ನು, ಕುಳಿತವನನ್ನು, "ನಾನು ನಿನ್ನವನು" ಅಂದವನನ್ನು, ಆಯುಧ ಮುರಿದವನನ್ನು. ಕುರುಕ್ಷೇತ್ರದಲ್ಲಿ ಯುದ್ಧ ಶುರುವಾಗುವ ಮುಂಚೆ ಎರಡೂ ಕಡೆಯವರು ಇಂಥದೇ ಒಪ್ಪಂದ ಮಾಡಿಕೊಳ್ಳುತ್ತಾರೆ, ಆಮೇಲೆ 18 ದಿನದಲ್ಲಿ ಒಂದೊಂದಾಗಿ ಮುರಿಯುತ್ತಾರೆ. 1907ರ ಹೇಗ್ ಒಪ್ಪಂದದ ಯುದ್ಧ ನಿಯಮಗಳ 23ನೆಯ ವಿಧಿ ಕೂಡ ಅದನ್ನೇ ಹೇಳುತ್ತದೆ. ಆಯುಧ ಕೆಳಗಿಟ್ಟು ಶರಣಾದವನನ್ನು ಕೊಲ್ಲುವಂತಿಲ್ಲ. ಒಬ್ಬನನ್ನೂ ಉಳಿಸುವುದಿಲ್ಲ ಅಂತ ಸಾರುವಂತೆಯೂ ಇಲ್ಲ.

ಇದರ ಹಿಂದೆ ಕರುಣೆ ಮಾತ್ರ ಇದೆ ಅಂದುಕೊಳ್ಳಬೇಡಿ. ಲೆಕ್ಕಾಚಾರವೂ ಇದೆ. ಶರಣಾದರೂ ಸಾವೇ ಗತಿ ಅಂತ ಗೊತ್ತಾದರೆ ಮುಂದಿನ ಕೋಟೆಯವರು ಬಾಗಿಲು ತೆರೆಯುವುದಿಲ್ಲ, ಕೊನೆಯ ಉಸಿರಿನವರೆಗೂ ಹೋರಾಡುತ್ತಾರೆ. ಆಗ ಸಾಯುವವರು ಎರಡೂ ಕಡೆಯ ಸಾಮಾನ್ಯ ಸೈನಿಕರು. ನಿಮ್ಮ ನಾಯಕನಿಗೆ ಸೈನ್ಯ ನಡೆಸಿ ಗೊತ್ತಿದ್ದರೆ ಈ ಯೋಚನೆ ಅವನ ತಲೆಯಲ್ಲಿ ಬಂದೇ ಬರುತ್ತದೆ. ಬರದಿದ್ದರೆ ಅವನು ಸೇನಾಪತಿ ಅಂತ ನಂಬುವುದು ಕಷ್ಟ.

ಹಾಗಾಗಿ ಮೊದಲು ಒಂದು ವಿಷಯ ತೀರ್ಮಾನ ಮಾಡಿ. ಕತ್ತಿ ಕೆಳಗೆ ಬಿದ್ದಿದೆ ಅಂತ ಬರೆದಿದ್ದೀರಿ. ಜಾರಿ ಬಿತ್ತಾ, ಅವನೇ ಕೆಳಗಿಟ್ಟನಾ? ಮಂಡಿಯೂರಿದ್ದು ಕಾಲಿಗೆ ಗಾಯವಾಗಿ ಶಕ್ತಿ ಸಾಲದೆಯೋ, ಸೋಲು ಒಪ್ಪಿಯೋ? ಜಾರಿ ಬಿದ್ದಿದ್ದರೆ ಕಾಳಗ ಇನ್ನೂ ಮುಗಿದಿಲ್ಲ. ಅವನೇ ಕೆಳಗಿಟ್ಟಿದ್ದರೆ ಮುಗಿದಿದೆ. ಕರ್ಣನ ರಥದ ಗಾಲಿ ನೆಲದಲ್ಲಿ ಸಿಕ್ಕಿಕೊಂಡಾಗ ಅವನು ಶರಣು ಅನ್ನಲಿಲ್ಲ, ಸ್ವಲ್ಪ ತಡೆ ಅಂದ. ಧರ್ಮದ ಹೆಸರು ಹೇಳಿ ತಡೆ ಅಂದ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ, ಅಭಿಮನ್ಯುವನ್ನು ಸುತ್ತುವರಿದು ಕೊಂದಾಗ ಆ ಧರ್ಮ ಎಲ್ಲಿಗೆ ಹೋಗಿತ್ತು ಅಂತ ಕೃಷ್ಣ ಕೇಳಿದ. ಅರ್ಜುನನ ಬಾಣ ಹೋಯಿತು. ಇವತ್ತಿಗೂ ಜನ ಆ ಬಾಣ ಸರಿಯೋ ತಪ್ಪೋ ಅಂತ ಜಗಳವಾಡುತ್ತಾರೆ. ಯಾಕೆ ಅಂದರೆ ಅವನು ಶರಣಾಗಿರಲಿಲ್ಲ, ಹೋರಾಡುವ ಸ್ಥಿತಿಯಲ್ಲೂ ಇರಲಿಲ್ಲ. ಆ ಅಸ್ಪಷ್ಟತೆ ಕವಿ ಬೇಕಂತಲೇ ಇಟ್ಟದ್ದು. ನಿಮ್ಮ ದೃಶ್ಯದಲ್ಲಿರುವುದು ಮರೆವಿನಿಂದ ಬಂದದ್ದಾ, ಬೇಕಂತಲೇ ಇಟ್ಟದ್ದಾ ಅಂತ ನೋಡಿಕೊಳ್ಳಿ.

ಈಗ ಮೂರನೆಯವರ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಜಯದ್ರಥನ ಕಥೆಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ವನವಾಸದಲ್ಲಿ ಪಾಂಡವರು ಬೇಟೆಗೆ ಹೋದಾಗ ಅವನು ಬಂದು ದ್ರೌಪದಿಯನ್ನು ರಥಕ್ಕೆ ಎಳೆದುಕೊಂಡು ಹೋಗುತ್ತಾನೆ. ಪಾಂಡವರು ಬೆನ್ನಟ್ಟಿ ಅವನ ಸೈನ್ಯವನ್ನು ಚಿಂದಿ ಮಾಡುತ್ತಾರೆ. ಅವನು ಅವಳನ್ನು ಇಳಿಸಿ ಕಾಡಿಗೆ ಓಡುತ್ತಾನೆ. ಭೀಮ ಬೆನ್ನಟ್ಟಲು ಹೊರಟಾಗಲೇ ಧರ್ಮರಾಯ ಹೇಳಿಬಿಡುತ್ತಾನೆ: ಅವನು ಕೆಟ್ಟವನೇ ಆದರೂ ಕೊಲ್ಲಬೇಡ, ದುಶ್ಶಲೆಯನ್ನೂ ಗಾಂಧಾರಿಯನ್ನೂ ನೆನೆಸಿಕೋ. ದುಶ್ಶಲೆ ಕೌರವರ ತಂಗಿ, ಜಯದ್ರಥನ ಹೆಂಡತಿ. ದ್ರೌಪದಿಗೆ ಇದು ಕೇಳಿ ಸಿಟ್ಟು ಬರುತ್ತದೆ. ನನಗೆ ಮೆಚ್ಚುಗೆಯಾದದ್ದು ಮಾಡಬೇಕು ಅಂತಿದ್ದರೆ ಅವನನ್ನು ಕೊಲ್ಲಿ ಅನ್ನುತ್ತಾಳೆ. ಭೀಮ ಅವನನ್ನು ಹಿಡಿದು, ಒದ್ದು, ತಲೆ ಬೋಳಿಸಿ ಐದು ಜುಟ್ಟು ಬಿಟ್ಟು, ನಾನು ಪಾಂಡವರ ದಾಸ ಅಂತ ಒಪ್ಪಿಸಿ, ಕಟ್ಟಿ ಎಳೆದು ತರುತ್ತಾನೆ. ಬಿಟ್ಟುಬಿಡು ಅಂತ ಧರ್ಮರಾಯ ಮತ್ತೆ ಹೇಳುತ್ತಾನೆ. ಆದರೆ ಮಾತು ಇತ್ಯರ್ಥವಾಗುವುದು ದ್ರೌಪದಿಯಿಂದ. ಅವಳು ಧರ್ಮರಾಯನ ಮುಖ ನೋಡಿ, ಸರಿ, ದಾಸನಾದನಲ್ಲ, ಬಿಡು ಅನ್ನುತ್ತಾಳೆ.

ಇಲ್ಲಿ ಎಷ್ಟು ಜನ ಇದ್ದಾರೆ ನೋಡಿ. ಕೈಗೆ ಸಿಕ್ಕ ಶತ್ರು ಒಬ್ಬ, ಹಿಡಿದವನು ಒಬ್ಬ, ತೀರ್ಪು ಹೇಳುವವನು ಇನ್ನೊಬ್ಬ, ನೋವು ತಿಂದವಳು ಒಬ್ಬಳು, ಅಲ್ಲಿ ಇಲ್ಲದೆಯೂ ಅವನ ಜೀವ ಉಳಿಸಿದವರು ಇಬ್ಬರು. ಬಿಡಲು ಕಾರಣ ಯಾವುದೋ ದೊಡ್ಡ ತತ್ವ ಆಗಿರಲಿಲ್ಲ. ಒಬ್ಬ ಹೆಣ್ಣುಮಗಳು ವಿಧವೆಯಾಗಬಾರದು ಅನ್ನುವುದು. ಇಂಥ ಕಾರಣವನ್ನು ಓದುಗರು ನಂಬುತ್ತಾರೆ.

ಮುಂದೆ ಆದದ್ದು ನಿಮಗೆ ಗೊತ್ತಿದೆ. ಅವಮಾನ ತಾಳಲಾರದೆ ಜಯದ್ರಥ ಊರಿಗೆ ಹೋಗದೆ ತಪಸ್ಸಿಗೆ ಕೂತ. ಅರ್ಜುನನನ್ನು ಬಿಟ್ಟು ಉಳಿದ ಪಾಂಡವರನ್ನು ಒಂದು ದಿನ ತಡೆದು ನಿಲ್ಲಿಸುವ ವರ ಶಿವನಿಂದ ಸಿಕ್ಕಿತು. ಆ ಒಂದು ದಿನ ಯುದ್ಧದ 13ನೆಯ ದಿನವಾಯಿತು. ಅಭಿಮನ್ಯು ವ್ಯೂಹದ ಒಳಗೆ ಹೋದ, ಹಿಂದೆ ಬರುತ್ತಿದ್ದವರನ್ನು ಜಯದ್ರಥ ಬಾಗಿಲಲ್ಲೇ ತಡೆದ. ಕಾಡಿನಲ್ಲಿ ತೋರಿಸಿದ ದಯೆಗೆ ಬೆಲೆ ಕಟ್ಟಿದವನು ಆ ತೀರ್ಮಾನದಲ್ಲಿ ಪಾಲೇ ಇಲ್ಲದಿದ್ದ ಹುಡುಗ. ಅವನನ್ನು ವ್ಯೂಹ ಒಡೆಯಲು ಕಳುಹಿಸಿದವನು ಅದೇ ಧರ್ಮರಾಯ. ನನಗೆ ಮಹಾಭಾರತದಲ್ಲಿ ಅತ್ಯಂತ ಸಂಕಟ ಕೊಡುವ ಜೋಡಣೆ ಇದು. ಹಾಗಿದ್ದೂ ಕವಿ ಎಲ್ಲೂ ಬಂದು, ಅಂದೇ ಕೊಂದಿದ್ದರೆ ಒಳ್ಳೆಯದಿತ್ತು ಅಂತ ಷರಾ ಬರೆಯುವುದಿಲ್ಲ. ದುಶ್ಶಲೆಯ ಬಗ್ಗೆ ಯೋಚಿಸಿದ್ದು ಒಳ್ಳೆಯದೇ ಆಗಿತ್ತು. ಅಭಿಮನ್ಯು ಸತ್ತದ್ದೂ ಅದರಿಂದಲೇ. ಎರಡನ್ನೂ ನಮ್ಮ ಕೈಗೆ ಕೊಟ್ಟು ಕವಿ ಮುಂದೆ ಹೋಗುತ್ತಾನೆ.

ಅಶ್ವತ್ಥಾಮನ ಪ್ರಸಂಗ ಇನ್ನೂ ಕಷ್ಟದ್ದು. ದ್ರೌಪದಿಯ ಮಲಗಿದ್ದ ಮಕ್ಕಳನ್ನು ಕೊಂದವನು ಅವನು. ಮಹಾಭಾರತದಲ್ಲಿ ದ್ರೌಪದಿ ಅವನ ಸಾವು ಬೇಕು ಅಂತ ಹಟ ಹಿಡಿದು ಕೂರುತ್ತಾಳೆ, ಕೊನೆಗೆ ಅವನ ತಲೆಯ ಮಣಿ ಸಿಕ್ಕಿದ ಮೇಲೆ ಸಮಾಧಾನವಾಗುತ್ತಾಳೆ. ಭಾಗವತದಲ್ಲಿ ಬೇರೆಯೇ ಥರ. ಅರ್ಜುನ ಅವನನ್ನು ಹಗ್ಗದಲ್ಲಿ ಕಟ್ಟಿ ಅವಳ ಮುಂದೆ ತಂದು ನಿಲ್ಲಿಸುತ್ತಾನೆ. ಅವಳು ಬಿಡಿ ಬಿಡಿ ಅನ್ನುತ್ತಾಳೆ. ನನ್ನ ಹಾಗೆ ಅವನ ತಾಯಿ ಕೃಪಿಯೂ ಅಳುವುದು ಬೇಡ ಅನ್ನುತ್ತಾಳೆ. ಭೀಮ ಕೊಲ್ಲಲೇಬೇಕು ಅನ್ನುತ್ತಾನೆ. ಅರ್ಜುನ ಇಬ್ಬರ ಮಾತನ್ನೂ ಉಳಿಸಿ, ಕೂದಲು ಕತ್ತರಿಸಿ, ಮಣಿ ಕಿತ್ತು, ಹೊರಗೆ ಅಟ್ಟುತ್ತಾನೆ. ಆಮೇಲೆ ಅದೇ ಅಶ್ವತ್ಥಾಮನ ಅಸ್ತ್ರ ಉತ್ತರೆಯ ಹೊಟ್ಟೆಯಲ್ಲಿದ್ದ ಕೂಸಿನ ಮೇಲೆ ಬರುತ್ತದೆ, ಕೃಷ್ಣ ಕಾಪಾಡಬೇಕಾಗುತ್ತದೆ. ಎರಡೂ ಕಡೆ ಒಂದು ಸಂಗತಿ ಮಾತ್ರ ಬದಲಾಗಿಲ್ಲ, ಗಮನಿಸಿದಿರಾ? ತೀರ್ಮಾನ ಮಕ್ಕಳನ್ನು ಕಳೆದುಕೊಂಡವಳನ್ನು ದಾಟಿ ಹೋಗುವುದಿಲ್ಲ. ಅವಳು ಸಾವು ಕೇಳಬಹುದು, ದಯೆ ಕೇಳಬಹುದು. ಅವಳನ್ನು ಕೇಳದೆ ಗಂಡಸರೇ ನಿಂತು ಉದಾರವಾಗಿ ಬಿಟ್ಟುಬಿಟ್ಟಿದ್ದರೆ ಅದನ್ನು ದಯೆ ಅಂತ ನಾನಂತೂ ಕರೆಯುವುದಿಲ್ಲ.

ಇನ್ನೊಬ್ಬರ ಪಾಲನ್ನು ಪಣಕ್ಕಿಡುವ ಉದಾರತೆಗೆ ಇನ್ನೂ ಸ್ಪಷ್ಟ ಉದಾಹರಣೆ ಯುದ್ಧದ ಕೊನೆಯಲ್ಲಿದೆ. ದುರ್ಯೋಧನ ಕೊಳದಲ್ಲಿ ಅಡಗಿದ್ದಾನೆ. ಧರ್ಮರಾಯ ಅವನನ್ನು ಹೊರಗೆ ಕರೆದು, ನಮ್ಮಲ್ಲಿ ಯಾರಾದರೂ ಒಬ್ಬರ ಜೊತೆ ನಿನಗೆ ಬೇಕಾದ ಆಯುಧದಲ್ಲಿ ಹೋರಾಡು, ಗೆದ್ದರೆ ರಾಜ್ಯ ನಿನ್ನದು ಅಂದುಬಿಡುತ್ತಾನೆ. ಕೃಷ್ಣನಿಗೆ ಕೆಂಡದಂಥ ಕೋಪ. ಅವನು ನಕುಲನನ್ನೋ ಸಹದೇವನನ್ನೋ ಆರಿಸಿಕೊಂಡಿದ್ದರೆ ಏನು ಗತಿ? ಅಷ್ಟು ಜನ ಸತ್ತದ್ದು ಒಂದು ಮಾತಿನಲ್ಲಿ ನೀರುಪಾಲು. ನಿಮ್ಮ ನಾಯಕ ಕತ್ತಿ ಕೆಳಗಿಳಿಸುವ ಮುಂಚೆ ಒಬ್ಬರಾದರೂ ಕೃಷ್ಣನ ಹಾಗೆ ಸಿಟ್ಟಾಗಲಿ.

ಇನ್ನು ಆ ಕ್ಷಣದಲ್ಲಿ ಮನಸ್ಸು ಈ ಕಡೆಗೋ ಆ ಕಡೆಗೋ ವಾಲುವುದು ಯಾವುದರಿಂದ? ಹಸ್ತಪ್ರತಿಗಳಲ್ಲಿ ನಾನು ಜಾಸ್ತಿ ನೋಡುವುದು ನ್ಯಾಯ, ಧರ್ಮ, ಮನುಷ್ಯತ್ವ ಅಂತ ಒಂದು ಪುಟದ ಸ್ವಗತ. ಸುಮ್ನೆ ತೆಗೆದುಹಾಕಿ. ದೊಡ್ಡ ಕವಿಗಳು ಅಲ್ಲಿ ತತ್ವ ಇಡುವುದಿಲ್ಲ, ಕಣ್ಣಿಗೆ ಕಾಣುವ ಒಂದು ವಸ್ತು ಇಡುತ್ತಾರೆ. ರೋಮಿನ ಕವಿ ವರ್ಜಿಲ್‌ನ ಕಾವ್ಯದ ಕೊನೆಯಲ್ಲಿ ಶತ್ರು ಟರ್ನಸ್ ತೊಡೆಗೆ ಗಾಯವಾಗಿ ಬಿದ್ದು, ಮುದಿ ತಂದೆಯ ಹೆಸರು ಹೇಳಿ ಬೇಡಿಕೊಳ್ಳುತ್ತಾನೆ. ಕಥಾನಾಯಕ ಈನಿಯಸ್ ಕೈ ತಡೆಯುತ್ತಾನೆ. ಇನ್ನೇನು ಬಿಡುತ್ತಾನೆ ಅನ್ನುವಾಗ ಟರ್ನಸ್ ಹೆಗಲ ಮೇಲಿನ ಪಟ್ಟಿ ಕಾಣುತ್ತದೆ. ಅದು ಟರ್ನಸ್ ಕೊಂದ, ಈನಿಯಸ್ ಕಡೆಯ ಹುಡುಗ ಪಲ್ಲಾಸನದು. ಈನಿಯಸ್ ಅವನ ಎದೆಗೆ ಕತ್ತಿ ಇಳಿಸುತ್ತಾನೆ, ಇಡೀ ಮಹಾಕಾವ್ಯ ಅಲ್ಲೇ ಮುಗಿದುಹೋಗುತ್ತದೆ. ಮುಂದೆ ಪಟ್ಟಾಭಿಷೇಕ ಇಲ್ಲ, ಮದುವೆ ಇಲ್ಲ. ಹೊಸ ರಾಜ್ಯ ಕಟ್ಟಬೇಕಾದವನು ಸಿಟ್ಟಿನಲ್ಲಿ ಒಬ್ಬ ಬೇಡುವವನನ್ನು ಕೊಂದ, ಇಷ್ಟೇ ನಮಗೆ ಸಿಗುವುದು.

ಜಪಾನಿನ ಹೈಕೆ ಕಥೆಯಲ್ಲಿ ಇದು ತಿರುಗುಮುರುಗಾಗಿ ನಡೆಯುತ್ತದೆ. 1184ರ ಇಚಿನೊತಾನಿ ಕಾಳಗ. ಸೋತ ಹೈಕೆ ಪಕ್ಷದವರು ಹಡಗುಗಳ ಕಡೆಗೆ ಓಡುತ್ತಿದ್ದಾರೆ. ಕುಮಗಾಯಿ ಅನ್ನುವ ಯೋಧ ಸಮುದ್ರಕ್ಕೆ ಇಳಿದಿದ್ದ ಒಬ್ಬ ಕುದುರೆ ಸವಾರನನ್ನು ಕೂಗಿ ಕರೆಯುತ್ತಾನೆ. ಅವನು ತಿರುಗಿ ಬರುತ್ತಾನೆ. ಇಬ್ಬರೂ ದಡದಲ್ಲಿ ಉರುಳುತ್ತಾರೆ. ತಲೆ ಕತ್ತರಿಸಲು ಶಿರಸ್ತ್ರಾಣ ಎತ್ತಿದರೆ ಒಳಗೆ 16-17ರ ಹುಡುಗನ ಮುಖ. ಕುಮಗಾಯಿಯ ಮಗನದೂ ಅದೇ ವಯಸ್ಸು. ಆ ಮಗನಿಗೆ ಅಂದು ಬೆಳಿಗ್ಗೆ ಸಣ್ಣ ಗಾಯವಾಗಿತ್ತು, ಅಷ್ಟಕ್ಕೇ ಇವನು ಸಂಕಟಪಟ್ಟಿದ್ದ. ಈ ಹುಡುಗನ ತಂದೆಗೆ ಹೇಗಾಗಬೇಡ ಅನ್ನಿಸುತ್ತದೆ. ಇವನೊಬ್ಬ ಸತ್ತ ಮಾತ್ರಕ್ಕೆ ಸೋಲು ಗೆಲುವು ಬದಲಾಗುವುದಿಲ್ಲ ಅಂತಲೂ ಅನ್ನಿಸುತ್ತದೆ. ಬಿಡಬೇಕು ಅಂತ ತಲೆ ಎತ್ತಿದರೆ ತನ್ನದೇ ಪಕ್ಷದ ಸವಾರರು ಬರುತ್ತಿದ್ದಾರೆ. ನಾನು ಬಿಟ್ಟರೂ ಅವರು ಬಿಡುವುದಿಲ್ಲ, ನಾನೇ ಕೊಂದು ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ ಅಂತ ಅಳುತ್ತಾ ಕೊಲ್ಲುತ್ತಾನೆ. ಹುಡುಗನ ಸೊಂಟದಲ್ಲಿ ಒಂದು ಕೊಳಲು ಸಿಗುತ್ತದೆ. ಅಂದು ನಸುಕಿನಲ್ಲಿ ಶತ್ರು ಪಾಳೆಯದಿಂದ ಕೇಳಿಬಂದ ಸಂಗೀತ ಇವರದ್ದೇ ಅಂತ ಗೊತ್ತಾಗುತ್ತದೆ. ಕುಮಗಾಯಿ ಮುಂದೆ ಸನ್ಯಾಸಿಯಾದ. ಆ ಹುಡುಗ ಅತ್ಸುಮೊರಿ.

ಪಟ್ಟಿ ಕೊಲ್ಲಿಸಿತು, ಮುಖ ತಡೆಯಿತು. ನಿಮ್ಮ ದೃಶ್ಯದಲ್ಲಿ ಅಂಥ ವಸ್ತು ಯಾವುದು? ತಮ್ಮನದೇನಾದರೂ ದಂಡನಾಯಕನ ಮೈಮೇಲೆ ಇದೆಯಾ? ಇದ್ದರೆ ಅದು ಮೂರನೆಯ ಅಧ್ಯಾಯದಲ್ಲೇ ನಮಗೆ ಪರಿಚಯವಾಗಿರಬೇಕು. ಕೊನೆಯಲ್ಲಿ ಥಟ್ಟನೆ ಕಾಣಿಸಿಕೊಂಡರೆ ಲೇಖಕರ ಕೈಚಳಕ ಅಂತ ಗೊತ್ತಾಗಿಬಿಡುತ್ತದೆ.

ಬಿಡುವುದು ಯಾವಾಗಲೂ ದಯೆ ಅಂತ ತಿಳಿಯಬೇಡಿ. ಕೆಲವು ಸಲ ಅದಕ್ಕಿಂತ ದೊಡ್ಡ ಏಟಿಲ್ಲ. ಅರ್ಜುನನನ್ನು ಬಿಟ್ಟು ನಿನ್ನ ಉಳಿದ ಮಕ್ಕಳನ್ನು ಕೊಲ್ಲುವುದಿಲ್ಲ ಅಂತ ಕರ್ಣ ಕುಂತಿಗೆ ಮಾತು ಕೊಟ್ಟಿದ್ದ. 14ನೆಯ ದಿನ ಭೀಮ ಅವನ ಕೈಗೆ ಸಿಕ್ಕ. ಕರ್ಣ ಬಿಲ್ಲಿನ ತುದಿಯಿಂದ ಅವನನ್ನು ಮುಟ್ಟಿ, ಹೊಟ್ಟೆಬಾಕ, ನಿನಗೆ ಯುದ್ಧ ಯಾಕೆ, ಕಾಡಿಗೆ ಹೋಗು ಅಂತ ಹಂಗಿಸಿ ಬಿಟ್ಟ. ಇದು ತಾಯಿಗೆ ಕೊಟ್ಟ ಮಾತು ಅಂತ ನಮಗೆ ಗೊತ್ತು, ಭೀಮನಿಗೆ ಗೊತ್ತಿಲ್ಲ. ಅವನ ಪಾಲಿಗೆ ಅದು ಬರೀ ಅವಮಾನ. ಧರ್ಮರಾಯನನ್ನೂ ಕರ್ಣ ಹೀಗೇ ಹೀಯಾಳಿಸಿ ಬಿಟ್ಟ. ಅವನು ಗಾಯಗೊಂಡು ಬಿಡಾರಕ್ಕೆ ಬಂದು ಆ ಉರಿಯನ್ನೆಲ್ಲ ಅರ್ಜುನನ ಮೇಲೆ ಕಾರಿದ, ಗಾಂಡೀವವನ್ನು ಬೇರೆಯವರಿಗೆ ಕೊಡು ಅಂದ. ಹಾಗೆ ಅಂದವರನ್ನು ಕೊಲ್ಲುತ್ತೇನೆ ಅಂತ ಪ್ರತಿಜ್ಞೆ ಮಾಡಿದ್ದ ಅರ್ಜುನ ಅಣ್ಣನ ಮೇಲೆ ಕತ್ತಿ ಎತ್ತಿದ. ಕೃಷ್ಣ ನಡುವೆ ಬರದಿದ್ದರೆ ಪಾಂಡವರ ಪಕ್ಷ ಅಂದೇ ಒಳಗಿನಿಂದ ಮುರಿಯುತ್ತಿತ್ತು. ಜೀವ ಉಳಿಸಿಕೊಂಡು ಬಂದವನು ಮನೆಗೆ ಏನನ್ನು ಹೊತ್ತು ತರುತ್ತಾನೆ ಅನ್ನುವುದನ್ನು ಇಷ್ಟು ಚೆನ್ನಾಗಿ ಬರೆದದ್ದು ಅಪರೂಪ. ಪಂಪನ ಆದಿಪುರಾಣದ ಭರತನೂ ಹಾಗೇ ಅಲ್ವಾ? ಬಾಹುಬಲಿ ಅಣ್ಣನನ್ನು ಮೇಲೆತ್ತಿ, ನೆಲಕ್ಕೆ ಬಡಿಯದೆ ಗೌರವದಿಂದ ಬಿಟ್ಟ. ಭರತ ಅದಕ್ಕೆ ಕೊಟ್ಟ ಉತ್ತರ ಚಕ್ರ ಪ್ರಯೋಗ.

ಮೋಸದಿಂದ ದಯೆ ಪಡೆಯುವುದೂ ಒಂದಿದೆ. ಪರ್ಷಿಯದ ಮಹಾಕಾವ್ಯ ಶಾಹನಾಮೆಯಲ್ಲಿ ಸೊಹ್ರಾಬ್ ಅನ್ನುವ ಹುಡುಗ ರುಸ್ತುಮನನ್ನು ಕೆಡವಿ ಕಠಾರಿ ಎತ್ತುತ್ತಾನೆ. ಮೊದಲ ಸಲ ಬಿದ್ದವನನ್ನು ಕೊಲ್ಲುವ ಪದ್ಧತಿ ನಮ್ಮಲ್ಲಿಲ್ಲ ಅಂತ ರುಸ್ತುಂ ಸುಳ್ಳು ಹೇಳುತ್ತಾನೆ. ಹುಡುಗ ನಂಬಿ ಬಿಡುತ್ತಾನೆ. ಮುಂದಿನ ಸುತ್ತಿನಲ್ಲಿ ರುಸ್ತುಂ ಅವನನ್ನು ಕೆಡವಿದವನೇ ಇರಿಯುತ್ತಾನೆ. ಆಮೇಲೆ ತೋಳಿನ ಗುರುತು ನೋಡಿದರೆ ತನ್ನ ಮಗ.

ಈಗ ಮಾಡಲೇಬಾರದ ಒಂದು ಕೆಲಸ. ನಾಯಕ ದೊಡ್ಡ ಮನಸ್ಸು ಮಾಡಿ ಬಿಡುತ್ತಾನೆ, ಬೆನ್ನು ತಿರುಗಿಸುತ್ತಾನೆ, ಶತ್ರು ಬೂಟಿನಿಂದ ಚೂರಿ ತೆಗೆದು ಹಾರುತ್ತಾನೆ, ಯಾರೋ ಬಾಣ ಬಿಡುತ್ತಾರೆ ಅಥವಾ ಅವನೇ ಬಂಡೆಯಿಂದ ಜಾರಿ ಬೀಳುತ್ತಾನೆ. ನಾಯಕನಿಗೆ ದಯೆಯ ಹೆಸರೂ ಬಂತು, ಓದುಗರಿಗೆ ಹೆಣವೂ ಸಿಕ್ಕಿತು. ಇದು ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ. ಇಡೀ ಪುಸ್ತಕ ಒಂದು ಪ್ರಶ್ನೆ ಕೇಳಿ, ಉತ್ತರ ಹೇಳಬೇಕಾದ ಹೊತ್ತಿಗೆ ಓಡಿಹೋಗುತ್ತದೆ. ಬೇರೆಯವರು ಕೊಲ್ಲಲೇಬೇಕು ಅಂತಿದ್ದರೆ ಗ್ರೀಕ್ ಕವಿ ಹೋಮರ್ ಮಾಡಿದ ಹಾಗೆ ಮಾಡಿ. ಇಲಿಯಡ್‌ನ 6ನೆಯ ಸರ್ಗದಲ್ಲಿ ಮೆನೆಲಾಸ್ ಕೈಗೆ ಸಿಕ್ಕ ಆಡ್ರೆಸ್ಟಸ್ ಮಂಡಿ ಹಿಡಿದು ಬೇಡುತ್ತಾನೆ, ಒತ್ತೆಹಣ ಕೊಡಿಸುತ್ತೇನೆ ಅನ್ನುತ್ತಾನೆ. ಮೆನೆಲಾಸ್ ಕರಗುತ್ತಾನೆ. ಅಣ್ಣ ಅಗಮೆಮ್ನಾನ್ ಓಡಿಬಂದು, ತಾಯಿಯ ಹೊಟ್ಟೆಯಲ್ಲಿರುವ ಕೂಸು ಕೂಡ ಉಳಿಯಬಾರದು ಅಂತ ಬೈಯುತ್ತಾನೆ. ಮೆನೆಲಾಸ್ ಬೇಡುವವನನ್ನು ತನ್ನ ಕೈಯಾರೆ ದೂರ ತಳ್ಳುತ್ತಾನೆ, ಅಣ್ಣ ಈಟಿ ಇರಿಯುತ್ತಾನೆ. ಕೊಂದವನು ಬೇರೆ, ಆದರೂ ಮೆನೆಲಾಸ್ ತಪ್ಪಿಸಿಕೊಳ್ಳಲಿಲ್ಲ. ಆ ತಳ್ಳಿದ ಕೈ ಅವನದೇ.

ನಿಮ್ಮ ಕಥೆಗೆ ಬರೋಣ. ನಾನಾಗಿದ್ದರೆ ಆ ಕ್ಷಣದಲ್ಲಿ ಕೊಲ್ಲಿಸುವುದಿಲ್ಲ. ಅವನು ಶರಣಾಗಿದ್ದಾನೆ, ಕಟ್ಟಿಹಾಕಲು ಜನ ಇದ್ದಾರೆ, ಕಾಳಗ ಮುಗಿದಿದೆ. ಆದರೆ ಅವನನ್ನು ಬಿಟ್ಟು ಕಳುಹಿಸುವುದೂ ಇಲ್ಲ. ಕೊಲ್ಲದಿರುವುದು ಬೇರೆ, ಬಿಟ್ಟುಬಿಡುವುದು ಬೇರೆ, ಇವೆರಡನ್ನೂ ಒಂದೇ ಅಂದುಕೊಂಡಿದ್ದರಿಂದಲೇ ನಿಮ್ಮ ಗೆಳೆಯನಿಗೆ ಮೋಸ ಅನ್ನಿಸುತ್ತಿದೆ. ಜೂಲಿಯಸ್ ಸೀಸರ್ ಕ್ರಿ.ಪೂ. 48ರಲ್ಲಿ ಫಾರ್ಸಲಸ್ ಕಾಳಗ ಗೆದ್ದ ಮೇಲೆ ಎದುರು ಪಕ್ಷದ ಬ್ರೂಟಸ್, ಕ್ಯಾಸಿಯಸ್ ಇಬ್ಬರನ್ನೂ ಕ್ಷಮಿಸಿ ದೊಡ್ಡ ಹುದ್ದೆಗೂ ಏರಿಸಿದ. ಕ್ರಿ.ಪೂ. 44ರಲ್ಲಿ ಅವನನ್ನು ಇರಿದವರ ಮುಂದಾಳುಗಳು ಅವರೇ. ಕೊಲ್ಲುವುದಾದರೆ ಕಾರಣ ಬೇಕು, ಉಳಿಸುವುದಾದರೆ ಏರ್ಪಾಡು ಬೇಕು. ಸೆರೆಯೋ, ಗಡಿಪಾರೋ, ವಿಚಾರಣೆಯೋ, ಯಾರ ಕಾವಲಿನಲ್ಲಿ, ಎಷ್ಟು ದಿನ? ಇದು ನಿಮ್ಮ ನಾಯಕನ ತಲೆಯಲ್ಲಿ ಇಲ್ಲದಿದ್ದರೆ ಅವನ ದಯೆ ಸೋಮಾರಿತನ ಆಗುತ್ತದೆ.

ನಾನು ಬರೆಯುವುದಾದರೆ ಹೀಗೆ. ನಾಯಕ ಕತ್ತಿ ಇಳಿಸಿ, ನಿನ್ನ ಜೀವಕ್ಕೆ ನನ್ನ ಮಾತು ಅಂತ ಹೇಳಿಬಿಡುತ್ತಾನೆ. ಆಮೇಲೆ ಸುಟ್ಟ ಊರಿನವರು ಬಂದು ಅವನನ್ನು ನಮಗೆ ಒಪ್ಪಿಸು ಅನ್ನುತ್ತಾರೆ. ಅವರು ಕೇಳುವುದು ತಪ್ಪಲ್ಲ. ಅವನು ಕೊಟ್ಟ ಮಾತೂ ತಪ್ಪಲ್ಲ. ತಮ್ಮನ ವಿಷಯದಲ್ಲಿ ಅವನು ಕ್ಷಮಿಸಿದ್ದಾನೋ ಇಲ್ಲವೋ ಅಂತ ನಾವು ಆಗ ನೋಡುತ್ತೇವೆ. ಯಾಕೆ ಅಂದರೆ ಆ ಜನರಿಗೆ ಒಪ್ಪಿಸಿಬಿಡುವುದು ತನ್ನ ಸೇಡು ತೀರಿಸಿಕೊಳ್ಳಲು ಸುಲಭದ ದಾರಿ, ಅದು ಅವನಿಗೂ ಗೊತ್ತು. ನಿಮ್ಮ ಕಾದಂಬರಿಯ ನಿಜವಾದ ಕೊನೆಯ ಕಾಳಗ ಅಲ್ಲಿದೆ.

ಇಲ್ಲ, ಕೊಲ್ಲಲೇಬೇಕು ಅನ್ನಿಸಿದರೆ ಕೊಲ್ಲಿಸಿ, ಅದಕ್ಕೂ ನಾನು ಜೊತೆಗಿದ್ದೇನೆ. ಆದರೆ ನೇರವಾಗಿ, ನಾಯಕನ ಕೈಯಿಂದಲೇ, ಅವನು ಬೇಡಿಕೊಳ್ಳುತ್ತಿರುವಾಗಲೇ ಆಗಲಿ. ಅದನ್ನು ಅವನ ಸೈನಿಕರು ನೋಡಲಿ. ನಾಯಕನೇ ಶರಣಾದವನನ್ನು ಕೊಂದ ಮೇಲೆ ಆ ಸಂಜೆ ಉಳಿದ ಸೆರೆಯಾಳುಗಳ ಗತಿ ಏನಾಗುತ್ತದೆ ಅಂತ ನೀವು ಬರೆಯಲೇಬೇಕು. ಅದೇ ಇಲಿಯಡ್‌ನ ನಾಯಕ ಅಕಿಲೀಸ್ ಮೊದಲು ಸೆರೆ ಹಿಡಿದವರನ್ನು ಮಾರುತ್ತಿದ್ದ, ಒತ್ತೆಹಣಕ್ಕೆ ಬಿಡುತ್ತಿದ್ದ. ಲೈಕಾಯಾನ್ ಅನ್ನುವ ಹುಡುಗನನ್ನು ಹಾಗೇ ಒಮ್ಮೆ ಮಾರಿದ್ದ. ಅದೇ ಹುಡುಗ ಬಿಡುಗಡೆಯಾಗಿ ಮನೆಗೆ ಬಂದ 12ನೆಯ ದಿನ ಮತ್ತೆ ಇವನ ಕೈಗೆ ಸಿಗುತ್ತಾನೆ. ಅಷ್ಟರಲ್ಲಿ ಗೆಳೆಯ ಪೆಟ್ರೊಕ್ಲಸ್ ಸತ್ತಿದ್ದಾನೆ. ಗೆಳೆಯಾ, ನೀನೂ ಸಾಯಿ, ನಿನಗಿಂತ ಒಳ್ಳೆಯವನಾದ ಪೆಟ್ರೊಕ್ಲಸನೇ ಸತ್ತ ಅನ್ನುತ್ತಾನೆ ಅಕಿಲೀಸ್. ಶತ್ರು ಅದೇ ಹುಡುಗ, ಬೇಡಿಕೆಯೂ ಅದೇ, ಬದಲಾಗಿರುವವನು ಇವನೊಬ್ಬನೇ. ಕೊಲ್ಲಿಸುವುದಾದರೆ ನಿಮ್ಮ ನಾಯಕನ ಇಂಥದೊಂದು ಹಿಂದಿನ ದಿನ ನಮಗೆ ಕಾಣಬೇಕು, ಅವನು ಒಮ್ಮೆ ಯಾರನ್ನೋ ಬಿಟ್ಟ ದಿನ.

ಕೊನೆಗೆ ನಿಮ್ಮ ಸಣ್ಣ ಪ್ರಶ್ನೆ. ಕೃತಜ್ಞತೆಯ ಮಾತು ಬೇಡ. ಜೀವ ಭಿಕ್ಷೆ ಪಡೆದವನಿಗೆ ಮೊದಲು ಬರುವುದು ನಾಚಿಕೆ, ಸಿಟ್ಟು, ಅನುಮಾನ. ಕ್ರಿ.ಪೂ. 46ರಲ್ಲಿ ಸೀಸರ್ ಕ್ಷಮಿಸಲು ಸಿದ್ಧನಿದ್ದರೂ ಸೋತ ಎದುರಾಳಿ ಕೇಟೊ ಅವನ ಋಣದಲ್ಲಿ ಬದುಕಲು ಒಪ್ಪದೆ ಪ್ರಾಣ ಬಿಟ್ಟ. ಕ್ಷಮೆ ತೆಗೆದುಕೊಂಡರೆ ಕ್ಷಮಿಸುವ ಅಧಿಕಾರ ಸೀಸರ್‌ಗೆ ಇದೆ ಅಂತ ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ನಿಮ್ಮ ದಂಡನಾಯಕನೂ ಸ್ವಾಭಿಮಾನಿಯಾಗಿದ್ದರೆ ಧನ್ಯವಾದ ಹೇಳುವುದಿಲ್ಲ. ಏನಾದರೂ ಹೇಳಲೇಬೇಕು ಅನ್ನಿಸಿದರೆ, ಸೆರೆಸಿಕ್ಕ ತನ್ನ ಸೈನಿಕರನ್ನು ಏನು ಮಾಡುತ್ತೀರಿ ಅಂತ ಕೇಳಲಿ. ಅದಕ್ಕೆ ನಾಯಕನ ಬಳಿ ಉತ್ತರ ಇದೆಯಾ ಅಂತ ಮೊದಲು ನೀವು ಯೋಚಿಸಿ, ಆಮೇಲೆ ಮುಂದಿನ ಅಧ್ಯಾಯ ಶುರು ಮಾಡಿ.